ಎಡಗೈ ಮಕ್ಕಳಿಗೆ ತಂತಿವಾದ್ಯ: ಕೈ ಗುರುತಿಸುವುದರಿಂದ ಮೊದಲ ಮೂರು ತಿಂಗಳ ಅಭ್ಯಾಸದವರೆಗೆ

ನಮ್ಮ ಮಗಳಿಗೆ ಎಂಟು ವರ್ಷ ತುಂಬಿದಾಗ ಮುಕ್ಕಾಲು ಅಳತೆಯ ಒಂದು ಗಿಟಾರು ಕೊಡಿಸಿದೆವು. ಬರೆಯುವುದು, ಹಲ್ಲುಜ್ಜುವುದು, ಚೆಂಡು ಎಸೆಯುವುದು ಎಲ್ಲವೂ ಎಡಗೈಯಲ್ಲೇ ಆಗುವ ಮಗು ಅದು; ಊಟಕ್ಕೆ ಮಾತ್ರ ಧಾರವಾಡದ ಅಜ್ಜಿಯ ಒತ್ತಾಯದಿಂದ ಬಲಗೈ ರೂಢಿಯಾಗಿದೆ. ಅಂಗಡಿಯವರು ಮರಾಠಿಯಲ್ಲಿ "ಡಾವ್‌ಖುರೀ ಆಹೇ ಕಾ?" (ಎಡಗೈಯವಳೇ?) ಎಂದು ಕೇಳಿದರು. ಹೌದೆಂದಾಗ ಆರೂ ತಂತಿಗಳನ್ನು ಬಿಚ್ಚಿ, ಹಿಂದುಮುಂದು ಮಾಡಿ ಕಟ್ಟಿ, ಕಾಲು ಗಂಟೆಯಲ್ಲಿ ಕೈಗಿತ್ತರು. ಮುಂಬೈ ಬಳಿಯ ಡೊಂಬಿವಲಿಯ ಮನೆಗೆ ತಂದು ಮೀಟಿದರೆ ದಪ್ಪ ತಂತಿ ಎತ್ತರದಲ್ಲಿ ನಿಂತು ಮಗುವಿನ ಬೆರಳಿಗೆ ಬಗ್ಗಲಿಲ್ಲ; ಸಣ್ಣ ತಂತಿ ತನ್ನ ಕಚ್ಚಿನೊಳಗೆ ಅಲುಗಾಡುತ್ತ ಜಿರ್ರೆನ್ನುತ್ತಿತ್ತು. ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದ್ದ ಒಂದು ವ್ಯತ್ಯಾಸಕ್ಕಾಗಿ ಅವಳು ತನ್ನ ಕೈಯನ್ನೇ ದೂರಿಕೊಂಡಳು, ಎರಡು ವಾರ ವಾದ್ಯ ಮುಟ್ಟಲಿಲ್ಲ.

ಆಮೇಲೆ ಆ ಗಿಟಾರನ್ನು ಸರಿಪಡಿಸಿದ ಕುಶಲಕರ್ಮಿಯಿಂದ, ಮಗಳ ಮೇಷ್ಟ್ರಿಂದ, ಪಿಟೀಲು ಮತ್ತು ಸಿತಾರ್ ಕಲಿಯುತ್ತಿರುವ ಇತರ ಎಡಗೈ ಮಕ್ಕಳ ಮನೆಯವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಗು ಲಯವನ್ನು ಯಾವ ಕೈಯಲ್ಲಿ ಹಿಡಿಯುತ್ತದೆ ಎಂಬುದನ್ನು ನೋಡಿ, ವಾದ್ಯದ ರಚನೆಯನ್ನು ತಿಳಿದು, ಹಣ ಕೊಡುವ ಮುನ್ನವೇ ತೀರ್ಮಾನಿಸಬೇಕು. ಒಮ್ಮೆ ತೀರ್ಮಾನಿಸಿದ ಮೇಲೆ ಪದೇ ಪದೇ ಬದಲಿಸಬಾರದು.

ಮೊದಲ ಹೆಜ್ಜೆ: ಎರಡು ವಾರ ಕೈಗಳನ್ನು ಗಮನಿಸಿ

ಜನರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಎಡಗೈಯವರು. ಆದರೆ ಎಡಗೈಯವರೆಲ್ಲ ಒಂದೇ ಪ್ರಮಾಣದಲ್ಲಿ ಎಡಗೈಯವರಲ್ಲ. ಎಡಗೈಯಲ್ಲಿ ಬರೆದು ಬಲಗೈಯಲ್ಲಿ ಕ್ರಿಕೆಟ್ ಚೆಂಡು ಎಸೆಯುವ ಮಕ್ಕಳಿದ್ದಾರೆ. ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿಯುವವರೂ ಇದ್ದಾರೆ. ಹೀಗಾಗಿ "ಇವನು ಎಡಚ" ಎಂಬ ಒಂದು ಮಾತಿನ ಮೇಲೆ ವಾದ್ಯ ಕೊಳ್ಳುವುದು ಅವಸರವಾಗುತ್ತದೆ. ಐದಾರು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳ ಕೈರೂಢಿ ಒಂದು ಕಡೆ ನಿಂತಿರುತ್ತದೆ. ಅದಕ್ಕಿಂತ ಸಣ್ಣವರಾದರೆ ಹಾಡು, ತಾಳ, ಚಪ್ಪಾಳೆಯಲ್ಲೇ ಒಂದು ವರ್ಷ ಕಳೆಯಲಿ.

ಗಮನಿಸುವಾಗ "ಯಾವ ಕೈಯಿಂದ ಮಾಡ್ತೀ?" ಎಂದು ಕೇಳಬೇಡಿ. ಕೇಳಿದರೆ ಮಗು ದೊಡ್ಡವರಿಗೆ ಬೇಕಾದ ಉತ್ತರವನ್ನು ಕೊಡುತ್ತದೆ. ವಸ್ತುವನ್ನು ಮೈಯ ನಡುವಿಗೆ ನೇರವಾಗಿ ಇಟ್ಟು, ಯಾವ ಕೈ ಮುಂದೆ ಬರುತ್ತದೆ ಎಂದು ನೋಡಿ. ಸೂಜಿಗೆ ದಾರ ಪೋಣಿಸುವುದು, ಬಾಟಲಿಯ ಮುಚ್ಚಳ ತಿರುಗಿಸುವುದು, ಪೊರಕೆ ಹಿಡಿಯುವುದು, ಕೇರಂ ಸ್ಟ್ರೈಕರ್ ಹೊಡೆಯುವುದು ಇವೆಲ್ಲ ಒಳ್ಳೆಯ ಸೂಚನೆಗಳು. ಊಟದ ಕೈಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಅದು ನಾವು ಕಲಿಸಿದ ಕೈ.

ಇವೆಲ್ಲಕ್ಕಿಂತ ನನಗೆ ಹೆಚ್ಚು ತಿಳಿಸಿಕೊಟ್ಟದ್ದು ಲಟ್ಟಣಿಗೆ. ಮಗುವಿಗೆ ಇಷ್ಟದ ಹಾಡೊಂದನ್ನು ಹಾಕಿ, ಲಟ್ಟಣಿಗೆಯನ್ನೋ ಉದ್ದನೆಯ ಅಳತೆಪಟ್ಟಿಯನ್ನೋ ಕೊಟ್ಟು, "ಇದೇ ಗಿಟಾರು, ಬಾರಿಸು" ಎನ್ನಿ. ನಮ್ಮವಳು ಲಟ್ಟಣಿಗೆಯ ಒಂದು ಹಿಡಿಯನ್ನು ಬಲಗೈಯಲ್ಲಿ ಸುಮ್ಮನೆ ಹಿಡಿದು, ಎಡಗೈಯನ್ನು ಮೇಲೆ ಕೆಳಗೆ ಬೀಸುತ್ತ ಹಾಡಿನ ಪ್ರತಿ ಪೆಟ್ಟಿಗೂ ಸರಿಯಾಗಿ ಹೊಡೆದಳು. ಲಟ್ಟಣಿಗೆಯನ್ನು ತಿರುಗಿಸಿ ಕೊಟ್ಟಾಗ ಹೊಡೆತಗಳು ಹಾಡಿನ ಹಿಂದೆ ಬಿದ್ದವು. ಅರ್ಧ ನಿಮಿಷದಲ್ಲಿ ತಾನಾಗಿಯೇ ಮತ್ತೆ ಮೊದಲಿನಂತೆ ತಿರುಗಿಸಿಕೊಂಡಳು. ಈ ಪರೀಕ್ಷೆಯನ್ನು ಬೇರೆ ಬೇರೆ ದಿನ ನಾಲ್ಕೈದು ಸಲ ಮಾಡಿ, ಜೊತೆಗೆ ತೊಡೆಯ ಮೇಲೆ ಆದಿತಾಳ ಹಾಕಿಸಿ ನೋಡಿ. ಪ್ರತಿ ಸಲವೂ ಎಡಗೈಯೇ ಲಯ ಹಿಡಿದರೆ ಮಗು ಗಟ್ಟಿಯಾದ ಎಡಗೈಯದು. ಒಂದು ದಿನ ಹೀಗೆ, ಇನ್ನೊಂದು ದಿನ ಹಾಗೆ ಆದರೆ ಅದು ಎರಡೂ ಕೈಯ ಮಗು. ಅಂಥವರಿಗೆ ಸಾಮಾನ್ಯ ವಾದ್ಯವನ್ನೇ ಕೊಡಿಸಿದರೆ ಮುಂದಿನ ದಾರಿ ಸಲೀಸು.

ಮನೆಯ ಹಿರಿಯರ ವಿಷಯವೂ ಈ ಹಂತದಲ್ಲೇ ಬರುತ್ತದೆ. ನಮ್ಮಲ್ಲಿ ಅಜ್ಜಿ ಮಗುವನ್ನು ಹತ್ತಿರ ಕೂರಿಸಿಕೊಂಡು, "ಪುಟ್ಟೀ, ವಾದ್ಯ ಅಂದ್ರ ಸರಸ್ವತಿ. ಎಡಗೈಲೆ ಮೀಟಬಾರದವಾ" ಅಂದರು. "ಎರಡೂ ಕೈ ಹಚ್ಚದ ವೀಣಿ ನುಡೀತದೇನ್ರೀ, ಅತ್ತಿ?" ಎಂದೆ. ಅವರು ನಕ್ಕು ಸುಮ್ಮನಾದರು. ಆರತಿ, ಪ್ರಸಾದಗಳಿಗೆ ಬಲಗೈ ಎಂಬ ಅವರ ನಿಯಮಕ್ಕೆ ನಾವೂ ಕೈ ಹಚ್ಚಲಿಲ್ಲ. ಎರಡು ಜಗಳಗಳನ್ನು ಒಂದಕ್ಕೊಂದು ಗಂಟು ಹಾಕದಿದ್ದರೆ ಎರಡೂ ಬೇಗ ಮುಗಿಯುತ್ತವೆ.

ಎರಡನೆಯ ಹೆಜ್ಜೆ: ವಾದ್ಯದಲ್ಲಿ ಯಾವ ಕೈಗೆ ಯಾವ ಕೆಲಸ

ಸಾಮಾನ್ಯ ತಂತಿವಾದ್ಯಗಳಲ್ಲಿ ಬಲಗೈ ಮೀಟುತ್ತದೆ ಅಥವಾ ಕಮಾನು ಎಳೆಯುತ್ತದೆ. ಎಡಗೈ ತಂತಿಯನ್ನು ಒತ್ತಿ ಸ್ವರ ಹಿಡಿಯುತ್ತದೆ. ಇದನ್ನು ನೋಡಿದ ಹಲವರು, ಕೆಲವು ಮೇಷ್ಟ್ರೂ ಸೇರಿದಂತೆ, "ಕಷ್ಟದ ಕೆಲಸ ಮಾಡುವುದೇ ಎಡಗೈ, ಆದ್ದರಿಂದ ಎಡಗೈ ಮಗುವಿಗೆ ಸಾಮಾನ್ಯ ವಾದ್ಯವೇ ಅನುಕೂಲ" ಎನ್ನುತ್ತಾರೆ. ಈ ಮಾತು ಅರ್ಧ ನಿಜ. ಹಾಗಿದ್ದ ಪಕ್ಷದಲ್ಲಿ ಜಗತ್ತಿನ ಬಹುಪಾಲು ಬಲಗೈಯವರು ಒತ್ತುವ ಕೆಲಸವನ್ನು ತಮ್ಮ ಚುರುಕಾದ ಬಲಗೈಗೇ ಕೊಟ್ಟುಕೊಳ್ಳಬೇಕಿತ್ತು, ಅವರು ಕೊಟ್ಟುಕೊಂಡಿಲ್ಲ. ಮೀಟುವ ಕೈ ಲಯವನ್ನು, ನಾದದ ಏರಿಳಿತವನ್ನು, ಪ್ರತಿ ಸ್ವರ ಹುಟ್ಟುವ ಕ್ಷಣವನ್ನು ನಿರ್ಧರಿಸುತ್ತದೆ. ಆ ಕ್ಷಣ ತಪ್ಪಿದರೆ ಬೆರಳು ಎಷ್ಟೇ ಸರಿಯಾದ ಜಾಗದಲ್ಲಿದ್ದರೂ ಹಾಡು ಕೆಡುತ್ತದೆ. ಗಿಟಾರಿನಲ್ಲಿ, ಅದರಂತೆಯೇ ಇರುವ ಸಣ್ಣ ಉಕುಲೇಲೆಯಲ್ಲಿ, ಅದರಲ್ಲೂ ಹಾಡಿಗೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಾರಿಸುವ ಶೈಲಿಯಲ್ಲಿ, ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಸಂಗೀತದ ವಾದ್ಯಗಳಿಗೆ ಬಂದಾಗ ತಕ್ಕಡಿ ಸ್ವಲ್ಪ ವಾಲುತ್ತದೆ. ಸಿತಾರಿನಲ್ಲಿ ಒಂದೇ ಮೆಟ್ಟಿಲಿನ (ಫ್ರೆಟ್) ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ನಾಲ್ಕೈದು ಸ್ವರಗಳವರೆಗೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ತೆಗೆಯುತ್ತಾರೆ. ವೀಣೆಯ ಗಮಕವೂ ತಂತಿಯನ್ನು ಸರಿಸಿ, ಎಳೆದು ಬರುವಂಥದ್ದು. ಕರ್ನಾಟಕ ಶೈಲಿಯ ಪಿಟೀಲಿನಲ್ಲಿ ಬೆರಳು ತಂತಿಯುದ್ದಕ್ಕೂ ಜಾರಾಡುತ್ತದೆ. ಇಲ್ಲೆಲ್ಲ ರಾಗದ ಜೀವ ಒತ್ತುವ ಕೈಯಲ್ಲಿದೆ. ಎಡಗೈ ಮಗು ಸಾಮಾನ್ಯ ವೀಣೆಯನ್ನೋ ಸಿತಾರನ್ನೋ ಹಿಡಿದಾಗ ಅದರ ಬಲಿಷ್ಠವಾದ, ಸೂಕ್ಷ್ಮವಾದ ಕೈ ಗಮಕದ ಜಾಗದಲ್ಲೇ ಕೂತಿರುತ್ತದೆ. ಮೀಟುವ ಬಲಗೈಯ ಮಿತವಾದ ಚಲನೆಯನ್ನು ಅಭ್ಯಾಸದಿಂದ ತಂದುಕೊಳ್ಳಬಹುದು. ಹೀಗಾಗಿ ಗಿಟಾರಿಗೆ ನಾನು ಹೇಳುವ ಮಾತೇ ಬೇರೆ, ವೀಣೆಗೆ ಹೇಳುವ ಮಾತೇ ಬೇರೆ.

ಮೂರನೆಯ ಹೆಜ್ಜೆ: ಮೂರು ದಾರಿಗಳಲ್ಲಿ ಒಂದನ್ನು ಆರಿಸಿ

ಮೊದಲನೆಯದು, ಸಾಮಾನ್ಯ ವಾದ್ಯವನ್ನು ಎಲ್ಲರಂತೆಯೇ ನುಡಿಸುವುದು. ಮಾರ್ಕ್ ನಾಫ್ಲರ್, ಗ್ಯಾರಿ ಮೂರ್ ಇಬ್ಬರೂ ಹುಟ್ಟಾ ಎಡಗೈಯವರು. ಇಬ್ಬರೂ ಗಿಟಾರನ್ನು ಬಲಗೈಯವರಂತೆ ನುಡಿಸಿ ಹೆಸರಾದರು. ಎರಡನೆಯದು, ಕನ್ನಡಿಯಲ್ಲಿ ಕಂಡಂತೆ ಪೂರ್ತಿ ತಿರುಗುಮುರುಗಾದ ವಾದ್ಯ. ಪಾಲ್ ಮೆಕಾರ್ಟ್ನಿಯವರ ಬೇಸ್ ಗಿಟಾರು ಅಂಥದ್ದು. ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರನ್ನೇ ತಿರುಗಿಸಿ, ತಂತಿಗಳ ಕ್ರಮ ಬದಲಿಸಿ ನುಡಿಸುತ್ತಿದ್ದರು. ಮೂರನೆಯದು, ವಾದ್ಯವನ್ನು ತಿರುಗಿಸಿ ಹಿಡಿದು ತಂತಿಗಳನ್ನು ಹಾಗೆಯೇ ಬಿಡುವುದು. ಆಲ್ಬರ್ಟ್ ಕಿಂಗ್ ಹೀಗೆ ನುಡಿಸುತ್ತಿದ್ದರು. ಎಲಿಜಬೆತ್ ಕಾಟನ್ ಇದೇ ರೀತಿ ಹಿಡಿದು, ಬೆರಳುಗಳಿಂದ ದಪ್ಪ ತಂತಿಗಳನ್ನೂ ಹೆಬ್ಬೆರಳಿನಿಂದ ಸಣ್ಣ ತಂತಿಗಳನ್ನೂ ಮೀಟುವ ತಮ್ಮದೇ ಶೈಲಿ ಕಟ್ಟಿಕೊಂಡರು.

ಮೂರನೆಯ ದಾರಿ ಕೇಳಲು ಚೆನ್ನಾಗಿದೆ, ತರಗತಿಗೆ ಹೋಗಿ ಕಲಿಯುವ ಮಗುವಿಗೆ ಅದು ಬೇಡ. ಮೇಷ್ಟ್ರು ತೋರಿಸುವ ಒಂದು ಕಾರ್ಡ್ ಕೂಡ ಅದರಲ್ಲಿ ಅದೇ ಬೆರಳುಗಳಿಗೆ ಬರುವುದಿಲ್ಲ. ಹಾಗೆ ನುಡಿಸಿದವರು ಹೆಚ್ಚಾಗಿ ತಮಗೆ ತಾವೇ ಕಲಿತವರು.

ವಾದ್ಯ ವಾದ್ಯಕ್ಕೂ ತೀರ್ಮಾನ ಬೇರೆ

ಉಕುಲೇಲೆ ಎಡಗೈ ಮಗುವಿಗೆ ಅತ್ಯಂತ ಸುಲಭದ ಆರಂಭ. ನಾಲ್ಕೇ ನೈಲಾನ್ ತಂತಿ. ಹೊರಗಿನ ಎರಡು ತಂತಿಗಳು ದಪ್ಪದಲ್ಲಿ ಹೆಚ್ಚುಕಡಿಮೆ ಒಂದೇ ಇರುವುದರಿಂದ ಅದಲು ಬದಲು ಮಾಡಿದರೂ ಕಚ್ಚುಗಳಲ್ಲಿ ಸರಿಯಾಗಿ ಕೂರುತ್ತವೆ. ಒಳಗಿನ ಎರಡರಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಬರಬಹುದು.

ಗಿಟಾರಿನಲ್ಲಿ ಗಟ್ಟಿ ಎಡಗೈಯ ಮಗುವಿಗೆ ಎಡಗೈ ವಾದ್ಯವನ್ನೇ ಕೊಡಿಸಿ ಎಂದು ನಾನು ಹೇಳುತ್ತೇನೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಒಡಲು ಸಮರೂಪವಾಗಿರುವುದರಿಂದ ಅದನ್ನು ಎಡಗೈಗೆ ಪರಿವರ್ತಿಸಬಹುದು. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರನ್ನು ಪರಿವರ್ತಿಸಲು ಹೋಗಬೇಡಿ: ತಂತಿಗಳ ಕೆಳತುದಿಯನ್ನು ಹಿಡಿದಿರುವ ಸೇತುವೆಯ (ಬ್ರಿಜ್) ಮೇಲಿನ ಸ್ಯಾಡಲ್ ಪಟ್ಟಿಯನ್ನು ಓರೆಯಾಗಿ ಕೂರಿಸಿರುತ್ತಾರೆ, ದಪ್ಪ ತಂತಿಗಳ ಕಡೆ ಉದ್ದ ತುಸು ಹೆಚ್ಚಿರಲೆಂದು. ತಂತಿ ತಿರುಗಿಸಿದರೆ ಆ ಓರೆ ಉಲ್ಟಾ ಆಗಿ, ಬೆರಳೊತ್ತದೆ ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಮೇಲಿನ ಮೆಟ್ಟಿಲುಗಳಲ್ಲಿ ಅಪಶ್ರುತಿ ಕೇಳುತ್ತದೆ. ಒಳಗಡೆ ಹಲಗೆಗೆ ಅಂಟಿಸಿದ ಆಧಾರಪಟ್ಟಿಗಳೂ ಎರಡು ಬದಿಗೆ ಒಂದೇ ಥರ ಇರುವುದಿಲ್ಲ.

ಪಿಟೀಲಿನ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗುತ್ತದೆ. ಹೊರಗಿನಿಂದ ಎರಡೂ ಬದಿ ಒಂದೇ ರೀತಿ ಕಂಡರೂ ಪಿಟೀಲಿನ ಒಳಗೆ ಎಡಬಲಗಳಿವೆ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ (ಪಿಟೀಲಿನ ಸೇತುವೆ) ಸಣ್ಣ ತಂತಿಯ ಕಡೆಯ ಕಾಲಿನ ಸ್ವಲ್ಪ ಹಿಂದೆ, ಒಡಲೊಳಗೆ, ಮರದ ಒಂದು ಸಣ್ಣ ಕಂಬ ನಿಂತಿರುತ್ತದೆ. ದಪ್ಪ ತಂತಿಯ ಕಾಲಿನ ಕೆಳಗೆ ಉದ್ದನೆಯ ಮರದ ಪಟ್ಟಿಯೊಂದನ್ನು ಮೇಲ್ಹಲಗೆಗೆ ಅಂಟಿಸಿರುತ್ತಾರೆ. ಕುದುರೆಯ ಎತ್ತರವೂ ದಪ್ಪ ತಂತಿಯ ಕಡೆ ಹೆಚ್ಚು. ತಂತಿಗಳನ್ನಷ್ಟೇ ತಿರುಗಿಸಿದರೆ ನಾದ ಸೊರಗುತ್ತದೆ. ಸರಿಯಾಗಿ ಮಾಡಬೇಕೆಂದರೆ ಮೇಲ್ಹಲಗೆ ತೆಗೆದು ಒಳಪಟ್ಟಿಯನ್ನೂ ಬದಲಿಸಬೇಕು. ಚಾರ್ಲಿ ಚಾಪ್ಲಿನ್ ಎಡಗೈಯಲ್ಲಿ ಪಿಟೀಲು ನುಡಿಸುತ್ತಿದ್ದರು, ಅವರ ಪಿಟೀಲಿನಲ್ಲಿ ಒಳಪಟ್ಟಿ ಮತ್ತು ಕಂಬವನ್ನೂ ಅದಲು ಬದಲು ಮಾಡಿಸಿದ್ದರು. ಫಿನ್ಲೆಂಡಿನ ವಾದ್ಯವೃಂದ ನಿರ್ದೇಶಕ (ಕಂಡಕ್ಟರ್) ಪಾವೋ ಬೆರ್ಗ್ಲುಂಡ್ ಕೂಡ ಎಡಗೈ ಪಿಟೀಲುಗಾರರಾಗಿದ್ದರು. ಆದರೆ ಮಕ್ಕಳ ಪಿಟೀಲಿನಲ್ಲಿ ಹದಿನಾರನೇ ಒಂದು (1/16) ಅಳತೆಯಿಂದ ಮುಕ್ಕಾಲಿನವರೆಗೆ ಹಲವು ಅಳತೆಗಳಿವೆ, ಮಗು ಒಂದೆರಡು ವರ್ಷಕ್ಕೊಮ್ಮೆ ಅಳತೆ ಬದಲಿಸುತ್ತದೆ. ಪ್ರತಿ ಅಳತೆಗೂ ಎಡಗೈ ವಾದ್ಯ ಹುಡುಕುವುದು ಸುಲಭವಲ್ಲ. ಮುಂದೆ ವಾದ್ಯವೃಂದ ಸೇರುವ ಆಸೆ ಇದ್ದರೆ ಇನ್ನೊಂದು ತೊಡಕು. ಮುಂಬೈಯ ನಾರಿಮನ್ ಪಾಯಿಂಟಿನ ಕಲಾಕೇಂದ್ರವಾದ ಎನ್‌ಸಿಪಿಎಯಲ್ಲಿ 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಗೆ ಒಮ್ಮೆ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ: ಪಿಟೀಲುಗಳ ಕಮಾನುಗಳೆಲ್ಲ ಒಟ್ಟಿಗೆ ಒಂದೇ ಕಡೆಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಆ ಸಾಲಿನ ನಡುವೆ ಎದುರು ದಿಕ್ಕಿನ ಕಮಾನಿಗೆ ಜಾಗ ಸಿಗುವುದು ಕಷ್ಟ. ಹೀಗಾಗಿ ಪಿಟೀಲಿಗೆ ನನ್ನ ಸಲಹೆ ಸಾಮಾನ್ಯ ವಾದ್ಯವೇ. ಮಗುವಿನ ಎಡಗೈ ಬೆರಳಿಗೆ ಗಾಯವೋ ದೋಷವೋ ಇದ್ದರೆ ಮಾತು ಬೇರೆ. ರುಡಾಲ್ಫ್ ಕೋಲಿಶ್ ಎಂಬ ಪ್ರಸಿದ್ಧ ಪಿಟೀಲುಗಾರರು ಬಾಲ್ಯದಲ್ಲಿ ಎಡಗೈ ಬೆರಳಿಗೆ ಪೆಟ್ಟಾದದ್ದರಿಂದಲೇ ಕಮಾನನ್ನು ಆ ಕೈಗೆ ಬದಲಿಸಿಕೊಂಡವರು.

ಸಿತಾರ್, ಸರೋದ್, ವೀಣೆಗಳನ್ನು ತಂತಿ ತಿರುಗಿಸಿ ಎಡಗೈಗೆ ತರುವ ಮಾತೇ ಇಲ್ಲ. ಸಿತಾರಿನ ಚಿಕಾರಿ (ಲಯಕ್ಕೆ ಮೀಟುವ) ಮತ್ತು ತರಬ್ (ತಾವಾಗಿಯೇ ಮಿಡಿಯುವ) ತಂತಿಗಳ ಬಿರಡೆಗಳು ದಂಡಿಯ ಒಂದು ಪಕ್ಕದಲ್ಲಿರುತ್ತವೆ. ವೀಣೆಯಲ್ಲಿ ನಾಲ್ಕು ಮುಖ್ಯ ತಂತಿಗಳಿಗೆ ಹೊರತಾಗಿ ಮೂರು ತಾಳದ ತಂತಿಗಳು ಪಕ್ಕದಲ್ಲಿ ಹಾದುಹೋಗುತ್ತವೆ. ಎಡಗೈಗೆ ಬೇಕೆಂದರೆ ಆರಂಭದಿಂದಲೇ ಕನ್ನಡಿರೂಪದಲ್ಲಿ ಮಾಡಿಸಬೇಕು. ಮುಂಬೈ, ಪುಣೆಯವರಿಗೆ ಇದಕ್ಕೆ ಹತ್ತಿರದ ಊರೆಂದರೆ ಮೀರಜ್. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಕುಟುಂಬದವರು ವಾದ್ಯ ತಯಾರಿಕೆಗೆ ಇಳಿದು ಬೆಳೆಸಿದ ಕಸುಬು ಅಲ್ಲಿಯದು. ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ರಾತ್ರಿ ಮುಂಬೈಯ ಸಿಎಸ್‌ಎಂಟಿಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಮೀರಜ್. ಅಂಗಡಿಬೀದಿಯಲ್ಲಿ ಕನ್ನಡದಲ್ಲೇ ಮಾತಾಡಿ ವ್ಯವಹಾರ ಮುಗಿಸಬಹುದು ಎಂಬುದು ನಮ್ಮವರಿಗೆ ಮತ್ತೊಂದು ಅನುಕೂಲ. ಆದರೂ ಹೇಳಿ ಮಾಡಿಸುವ ಮುನ್ನ ಮಗು ಕನಿಷ್ಠ ಆರು ತಿಂಗಳು ಸಾಮಾನ್ಯ ವಾದ್ಯದಲ್ಲಿ ಪ್ರಯತ್ನಿಸಲಿ. ಮೇಲೆ ಹೇಳಿದ ಗಮಕದ ಕಾರಣದಿಂದ ಹೆಚ್ಚಿನವರಿಗೆ ಅದೇ ಒಗ್ಗುತ್ತದೆ.

ಸಂತೂರಿನಲ್ಲಿ ಎರಡೂ ಕೈಗೆ ಒಂದೊಂದು ಕೋಲು. ಅಲ್ಲಿ ಈ ಪ್ರಶ್ನೆಯೇ ಅಷ್ಟಾಗಿ ಕಾಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ಗುರುಗಳೊಡನೆ ಮೊದಲೇ ಮಾತಾಡಿ

ವಾದ್ಯ ಕೊಂಡ ಮೇಲೆ ಮೇಷ್ಟ್ರನ್ನು ಹುಡುಕುವ ತಪ್ಪನ್ನು ನಾವು ಮಾಡಿದೆವು. ಮೊದಲು ಹೋದ ತರಗತಿಯಲ್ಲಿ ಹನ್ನೆರಡು ಮಕ್ಕಳ ಸಾಲು. ಇವಳೊಬ್ಬಳ ಗಿಟಾರಿನ ಕತ್ತು ಎದುರು ದಿಕ್ಕಿಗೆ. ಅಲ್ಲಿನವರು ಎರಡನೆಯ ದಿನವೇ ಅವಳ ಕೈಯಿಂದ ವಾದ್ಯ ತೆಗೆದು ಶಾಲೆಯ ಬಲಗೈ ಗಿಟಾರು ಕೊಟ್ಟರು, ನಮಗೆ ಹೇಳಲೂ ಇಲ್ಲ. ಆದ್ದರಿಂದ ಸೇರಿಸುವ ಮುನ್ನವೇ ಮೂರು ವಿಷಯ ಕೇಳಿಕೊಳ್ಳಿ. ಎಡಗೈ ಮಕ್ಕಳಿಗೆ ಹಿಂದೆ ಕಲಿಸಿದ್ದಾರೆಯೇ, ಕಲಿಸಿದ್ದರೆ ಯಾವ ದಾರಿಯಲ್ಲಿ? ತರಗತಿಯಲ್ಲಿ ಮಗು ತನ್ನ ವಾದ್ಯವನ್ನೇ ಬಳಸಬಹುದೇ, ಅಥವಾ ಅಲ್ಲಿನದನ್ನು ಹಂಚಿಕೊಳ್ಳಬೇಕೇ? ಪರೀಕ್ಷೆಗೆ ಕೂರಿಸುವುದಿದ್ದರೆ, ಆ ಪರೀಕ್ಷಾ ಮಂಡಳಿಯಲ್ಲಿ ಎಡಗೈ ವಾದ್ಯಕ್ಕೆ ತೊಡಕಿಲ್ಲವೆಂದು ಅವರು ವಿಚಾರಿಸಿ ಹೇಳಬಲ್ಲರೇ?

"ನನಗೆ ಅಭ್ಯಾಸವಿಲ್ಲ, ಆದರೆ ಪ್ರಯತ್ನಿಸೋಣ" ಎನ್ನುವ ಗುರು ಸಾಕು. "ಒಂದು ತಿಂಗಳಲ್ಲಿ ಬಲಗೈಗೆ ತಿರುಗಿಸಿಬಿಡ್ತೀನಿ" ಎನ್ನುವವರಿಂದ ದೂರವಿರಿ. ವೀಣೆ, ಪಿಟೀಲಿನ ಗುರುಗಳು ಸಾಮಾನ್ಯ ವಾದ್ಯವನ್ನೇ ಹಿಡಿಸಬೇಕೆಂದರೆ ಅದರಲ್ಲಿ ಹಟ ಕಾಣಬೇಡಿ. ಅವರ ಮಾತಿಗೆ ವಾದ್ಯದ ರಚನೆಯೇ ಕಾರಣವಿರಬಹುದು. ಕೈ ಬದಲಿಸಿ ಕಲಿಯುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಮುಂಬೈಯಲ್ಲೇ ದೊಡ್ಡ ಉದಾಹರಣೆಯಿದೆ: ಬಾನ್ಸುರಿಯ ಹರಿಪ್ರಸಾದ್ ಚೌರಾಸಿಯಾ ಅವರು ಅನ್ನಪೂರ್ಣಾ ದೇವಿಯವರ ಬಳಿ ಕಲಿಯಲು ಹೋದಾಗ, ಹಿಂದಿನದನ್ನೆಲ್ಲ ಬಿಟ್ಟು ಹೊಸದಾಗಿ ಆರಂಭಿಸುವ ಸಂಕಲ್ಪ ತೋರಿಸಲು ಕೊಳಲನ್ನು ಬಲದಿಂದ ಎಡಕ್ಕೆ ಬದಲಿಸಿಕೊಂಡರು ಎಂಬುದು ಪ್ರಸಿದ್ಧ ಸಂಗತಿ. ಆದರೆ ಅವರು ಆಗ ಬೆಳೆದ ಕಲಾವಿದರು, ಬದಲಿಸಿದ್ದು ಸ್ವಂತ ಇಚ್ಛೆಯಿಂದ. ಎಂಟು ವರ್ಷದ ಮಗುವಿಗೆ ಆ ಸಂಕಲ್ಪವನ್ನು ನಾವು ಹೊರಿಸಬಾರದು.

ಐದನೆಯ ಹೆಜ್ಜೆ: ಕೊಳ್ಳುವುದು, ಅಥವಾ ಸರಿಯಾಗಿ ಪರಿವರ್ತಿಸುವುದು

ಮುಂಬೈಯಲ್ಲಿ ಪಾಶ್ಚಾತ್ಯ ವಾದ್ಯಗಳಿಗೆ ಹಳೆಯ ಜಾಗವೆಂದರೆ ಮರೀನ್ ಲೈನ್ಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಧೋಬಿ ತಲಾವ್. ಗೋವಾದಿಂದ ಬಂದ ವಾದ್ಯಗಾರರು ತಮ್ಮ ಊರಿನವರ ಕೂಡು ಎಂಬ ವಸತಿಮನೆಗಳಲ್ಲಿ ತಂಗಿ, ಸಿನಿಮಾ ವಾದ್ಯವೃಂದಗಳಿಗೆ ನುಡಿಸುತ್ತಿದ್ದ ಕಾಲದಿಂದ ಆ ಭಾಗಕ್ಕೆ ಸಂಗೀತದ ನಂಟಿದೆ. ಎಡಗೈ ಗಿಟಾರುಗಳು ಅಂಗಡಿಯಲ್ಲಿ ಒಂದೋ ಎರಡೋ ಮಾತ್ರ ತೂಗುತ್ತಿರುತ್ತವೆ, ಮಕ್ಕಳ ಅಳತೆಯಲ್ಲಿ ಇನ್ನೂ ಅಪರೂಪ. ಮೊದಲೇ ಫೋನು ಮಾಡಿ, ಬೇಕಾದ ಅಳತೆ ತರಿಸಲು ಹೇಳಿ ಆಮೇಲೆ ಲೋಕಲ್ ಹತ್ತಿ. ಸಿಕ್ಕದಿದ್ದರೆ ಮುಕ್ಕಾಲು ಅಳತೆಯ ಕ್ಲಾಸಿಕಲ್ ಗಿಟಾರು ಕೊಂಡು ಪರಿವರ್ತಿಸಿಕೊಳ್ಳಬಹುದು. ಕೆಲಸವನ್ನು ಗಿಟಾರು ರಿಪೇರಿಯವರ ಕೈಯಲ್ಲಿ ಮಾಡಿಸಿದರೂ ಏನಾಗಬೇಕು ಎಂಬುದು ನಿಮಗೆ ಗೊತ್ತಿರಲಿ.

ಗಿಟಾರಿನ ಕತ್ತಿನ ತುದಿಯಲ್ಲಿ, ತಂತಿಗಳು ಬಿರಡೆಯ ಕಡೆ ಹೊರಳುವ ಜಾಗದಲ್ಲಿ, ಬಿಳಿಯ ಸಣ್ಣ ಪಟ್ಟಿಯೊಂದಿದೆ. ಅದನ್ನು ನಟ್ ಎನ್ನುತ್ತಾರೆ. ಅದರ ಆರು ಕಚ್ಚುಗಳು ಆರು ದಪ್ಪಕ್ಕೆ ಕೊರೆದವು. ನೈಲಾನ್ ಗಿಟಾರಿನ ಒಂದನೆಯ ತಂತಿ ಸುಮಾರು 0.7 ಮಿಲಿಮೀಟರ್, ಆರನೆಯದು ಸುಮಾರು 1.1 ಮಿಲಿಮೀಟರ್ ದಪ್ಪ. ತಂತಿಗಳನ್ನು ಅದಲು ಬದಲು ಮಾಡಿದಾಗ ಆರನೆಯದು ಕಿರಿದಾದ ಕಚ್ಚಿನ ಮೇಲೇ ಕೂತು ಮೆಟ್ಟಿಲುಗಳಿಂದ ದೂರ ನಿಲ್ಲುತ್ತದೆ. ಒಂದನೆಯದು ಅಗಲ ಕಚ್ಚಿನ ತಳಕ್ಕೆ ಬಿದ್ದು ಅತ್ತಿತ್ತ ಸರಿಯುತ್ತದೆ. ನಮ್ಮ ಮನೆಯಲ್ಲಿ ಜಿರ್ರೆಂದದ್ದು ಇದೇ.

ಸರಿಯಾದ ಕ್ರಮ ಹೀಗೆ. ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಬಿಚ್ಚಿ. ನಟ್‌ನ ಎರಡೂ ಅಂಚಿನಲ್ಲಿ ಬ್ಲೇಡಿನಿಂದ ನವಿರಾಗಿ ಗೀರಿ ಅಂಟಿನ ಪದರ ಬಿಡಿಸಿ. ಮರದ ತುಂಡೊಂದನ್ನು ಆನಿಸಿ ಮೆಲ್ಲನೆ ತಟ್ಟಿದರೆ ಅದು ಕಳಚಿ ಬರುತ್ತದೆ. ಅದನ್ನೇ ತಿರುಗಿಸಿ ಕೂರಿಸುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ: ಕಚ್ಚುಗಳು ಬಿರಡೆಗಳ ಕಡೆಗೆ ಇಳಿಜಾರಾಗಿರುತ್ತವೆ, ತಿರುಗಿಸಿದರೆ ಇಳಿಜಾರು ಮೆಟ್ಟಿಲುಗಳ ಕಡೆಗೆ ಬಂದು ಶ್ರುತಿ ನಿಲ್ಲದು. ಎಡಗೈಗೆಂದೇ ಕೊರೆದ ನಟ್ ತರಿಸಿ, ಅಥವಾ ಖಾಲಿ ಪಟ್ಟಿಯಲ್ಲಿ ಹೊಸದಾಗಿ ಕಚ್ಚು ಕೊರೆಸಿ. ಎತ್ತರ ಕಡಿಮೆ ಬಿದ್ದರೆ ಕೆಳಗೆ ತೆಳು ಕಾಗದದ ಪಟ್ಟಿ ಇಡಬಹುದು. ಸೇತುವೆಯ ಸ್ಯಾಡಲ್ ಒಂದು ಬದಿಯಲ್ಲಿ ಎತ್ತರವಿದ್ದರೆ ಅದನ್ನು ಮಾತ್ರ ತುದಿಮೊದಲು ತಿರುಗಿಸಿ ಕೂರಿಸಬೇಕು. ಆಮೇಲೆ ಹೊಸ ತಂತಿಗಳನ್ನು ಕಟ್ಟಿ. ಮಗು ಎಡಗೈಯಲ್ಲಿ ಮೀಟುವಂತೆ ಹಿಡಿದಾಗ ದಪ್ಪ ತಂತಿ ಮೇಲ್ಗಡೆ, ಅದರ ಗಲ್ಲದ ಕಡೆ, ಬರಬೇಕು. ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ದಿನಕ್ಕೆ ಎರಡು ಮೂರು ಸಲ ಶ್ರುತಿ ಮಾಡಿ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯ ತೇವಕ್ಕೆ ಮರ ಉಬ್ಬುತ್ತದೆ, ತಂತಿಗಳ ಎತ್ತರ ಬದಲಾಗುತ್ತದೆ. ವಾದ್ಯವನ್ನು ಗೋಡೆಗೆ ಒರಗಿಸದೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪೆಟ್ಟಿಗೆಯಲ್ಲಿಡಿ. ಪರಿವರ್ತನೆಯ ಕೆಲಸ ಮಳೆಗಾಲ ಕಳೆದ ಮೇಲಾದರೆ ಇನ್ನೂ ಒಳ್ಳೆಯದು.

ಆರನೆಯ ಹೆಜ್ಜೆ: ಮೊದಲ ಮೂರು ತಿಂಗಳು

ಕ್ಲಾಸಿಕಲ್ ಗಿಟಾರಿನಲ್ಲಿ ಬಲಗೈಯವರು ಎಡಗಾಲನ್ನು ಸಣ್ಣ ಮಣೆಯ ಮೇಲಿಡುತ್ತಾರೆ. ನಿಮ್ಮ ಮಗು ಬಲಗಾಲನ್ನು ಇಡಬೇಕು. ನಮ್ಮ ಮನೆಯಲ್ಲಿ ದೇವರ ಮುಂದಿನ ಮಣೆಯೇ ಈ ಕೆಲಸಕ್ಕೆ ಬಂತು, ಅಜ್ಜಿ ಊರಿಗೆ ಹೋಗಿದ್ದಾಗ.

ಮೇಷ್ಟ್ರ ಪಕ್ಕದಲ್ಲಿ ಕೂರಿಸುವ ಬದಲು ಎದುರಿಗೆ ಕೂರಿಸಿ. ಬಲಗೈ ಮೇಷ್ಟ್ರು ಮತ್ತು ಎಡಗೈ ಶಿಷ್ಯೆ ಎದುರುಬದುರಾದರೆ ಒಬ್ಬರಿಗೊಬ್ಬರು ಕನ್ನಡಿಯ ಬಿಂಬದಂತಾಗುತ್ತಾರೆ. ಅವರ ಕೈ ಹೋದ ಕಡೆಗೇ ಮಗುವಿನ ಕೈ ಹೋದರೆ ಸಾಕು. ಬಲಗೈ ಮಕ್ಕಳಿಗೆ ಈ ಅನುಕೂಲ ಇಲ್ಲ, ಅವರು ನೋಡಿದ್ದನ್ನು ತಲೆಯಲ್ಲಿ ತಿರುಗಿಸಿಕೊಳ್ಳಬೇಕು. ಪುಸ್ತಕದ ವಿಷಯದಲ್ಲಿ ಪರಿಸ್ಥಿತಿ ಉಲ್ಟಾ. ಕಾರ್ಡ್ ಚಿತ್ರಗಳು ಬಲಗೈಯವರಿಗೆ ಬರೆದವು. ಫೋನಿನಲ್ಲಿ ಚಿತ್ರ ತೆಗೆದು ಕನ್ನಡಿಬಿಂಬದಂತೆ ಎಡಬಲ ತಿರುಗಿಸಿ, ಅಂಕಿಗಳು ಉಲ್ಟಾ ಆಗುವುದರಿಂದ ಅವನ್ನು ಪೆನ್ನಿನಿಂದ ಮತ್ತೆ ಬರೆದು ಅಂಟಿಸಿಟ್ಟುಕೊಳ್ಳಿ. ತಂತಿ ಮತ್ತು ಮೆಟ್ಟಿಲಿನ ಸಂಖ್ಯೆ ತೋರಿಸುವ ಟ್ಯಾಬ್ ಬರಹವನ್ನು, ಸ್ವರಲಿಪಿಯನ್ನು ತಿರುಗಿಸುವ ಅಗತ್ಯವಿಲ್ಲ.

ಒಂದೇ ಸಲ ಅರ್ಧ ಗಂಟೆ ಕೂರಿಸುವುದಕ್ಕಿಂತ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಮೇಲು. ಮೊದಲ ಎರಡು ವಾರ ಒತ್ತುವ ಕೈ ಸುಮ್ಮನಿರಲಿ. ಬಿಟ್ಟ ತಂತಿಗಳ ಮೇಲೆ ತಾಳಕ್ಕೆ ಸರಿಯಾಗಿ ಮೀಟುವುದನ್ನಷ್ಟೇ ಮಾಡಿಸಿ. ಸಾಮಾನ್ಯ ವಾದ್ಯ ಹಿಡಿದ ಎಡಗೈ ಮಗುವಿಗಂತೂ ಇದು ಅತಿ ಮುಖ್ಯ, ಏಕೆಂದರೆ ಅದರ ಬೆರಳುಗಳು ಬೇಗ ಓಡುತ್ತವೆ, ಮೀಟುವ ಬಲಗೈ ಹಿಂದೆ ಬೀಳುತ್ತದೆ. ಪಿಟೀಲಿನವರು ಕಮಾನನ್ನು ಬಿಟ್ಟ ತಂತಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆಯುವ ಅಭ್ಯಾಸಕ್ಕೆ ದಿನದ ಅರ್ಧ ಸಮಯ ಕೊಡಲಿ. ಬೆರಳ ತುದಿಯ ಉರಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಮಣಿಕಟ್ಟಿನಲ್ಲೋ ಭುಜದಲ್ಲೋ ನೋವು ಬಂದರೆ ಮಾತ್ರ ನಿಲ್ಲಿಸಿ, ಕೂರುವ ರೀತಿ ಮತ್ತು ವಾದ್ಯದ ಅಳತೆಯನ್ನು ನೋಡಿ.

ಮೂರು ತಿಂಗಳಾದಾಗ ಒಂದು ಸಂಜೆ ಗುರುಗಳೊಡನೆ ಕೂತು ವಿಚಾರಿಸಿ. ಮಗು ಕರೆಯದೆಯೇ ವಾದ್ಯ ತೆಗೆದುಕೊಳ್ಳುತ್ತಿದೆಯೇ, ಸರಳ ಹಾಡನ್ನು ಲಯ ತಪ್ಪದೆ ಬಾರಿಸುತ್ತಿದೆಯೇ ಎಂಬ ಎರಡೇ ಪ್ರಶ್ನೆಗಳು ಸಾಕು. ಎರಡಕ್ಕೂ ಇಲ್ಲವೆಂದಾದರೆ ಕೈ ಬದಲಿಸಲು ಅದು ಸರಿಯಾದ ಹೊತ್ತು. ವರ್ಷ ಕಳೆದ ಮೇಲೆ ಬದಲಿಸಿದರೆ ಕಲಿತದ್ದನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ.

ವೇದಿಕೆಯಲ್ಲಿ ಕೂರುವ ಜಾಗ

ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಸೊಸೈಟಿಯ ಮಕ್ಕಳೆಲ್ಲ ಸೇರಿ ನುಡಿಸುವಾಗ ಎಡಗೈ ಮಗುವನ್ನು ಸಾಲಿನ ನಡುವೆ ಕೂರಿಸಿದರೆ ಬಲಪಕ್ಕದವರ ಗಿಟಾರಿನ ಕತ್ತಿಗೆ ಇದರ ಕತ್ತು ತಾಗುತ್ತದೆ. ಈ ತೊಡಕು ದೊಡ್ಡವರಿಗೂ ತಪ್ಪಿದ್ದಲ್ಲ. ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯವರಾದ್ದರಿಂದ ಕಛೇರಿಯಲ್ಲಿ ಹಾಡುಗಾರರ ಇನ್ನೊಂದು ಪಕ್ಕದಲ್ಲಿ ಕೂರಬೇಕಾಗುತ್ತಿತ್ತು, ಅವರಿಗಾಗಿ ಪಿಟೀಲಿನವರೂ ಜಾಗ ಬದಲಿಸಬೇಕಿತ್ತು. ಮಕ್ಕಳ ಸಾಲಿನಲ್ಲಿ ಪರಿಹಾರ ಸುಲಭ: ನುಡಿಸುವವರ ಲೆಕ್ಕದಲ್ಲಿ ಬಲತುದಿಯ ಕುರ್ಚಿಯನ್ನು, ಅಂದರೆ ಸಭಿಕರಿಗೆ ಎಡತುದಿಯಲ್ಲಿ ಕಾಣುವುದನ್ನು, ಎಡಗೈ ಮಗುವಿಗೆ ಮೀಸಲಿಡಿ. ಆಗ ಅದರ ವಾದ್ಯದ ಕತ್ತು ಖಾಲಿ ಜಾಗದ ಕಡೆ ಚಾಚುತ್ತದೆ, ಪಕ್ಕದವರದು ಇನ್ನೊಂದು ಕಡೆಗೆ. ಮೈಕ್ ಇಡುವವರಿಗೂ ಮೊದಲೇ ಹೇಳಿಡಿ, ಇಲ್ಲವಾದರೆ ಅವರು ಅಭ್ಯಾಸಬಲದಿಂದ ಸ್ಟ್ಯಾಂಡನ್ನು ತಂದು ಗಿಟಾರಿನ ಕತ್ತು ಬರುವ ಕಡೆಯೇ ನಿಲ್ಲಿಸುತ್ತಾರೆ.